ಹೊನ್ನೆ ಮರದ ಹತ್ತಿರ ಹೇಳಿದ ಕಥೆ

ನಾನು ಮಿಲಿಟ್ರಿಯಲ್ಲಿ ಆರ್ಟಿಲರಿಯವನು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ಬೋಫೋರ್ಸ್ ಫಿರಂಗಿ ಮೇಲೆ ಇದ್ದೆ. ಒಂದೊಂದು ಶೆಲ್ 40 ಕಿಲೋಗಿಂತ ಜಾಸ್ತಿ ತೂಕ. ಬೆಟ್ಟ ಹತ್ತುತ್ತಿದ್ದ ನಮ್ಮ ಹುಡುಗರಿಗೆ ದಾರಿ ಆಗಲಿ ಅಂತ ಅದನ್ನು ಎತ್ತಿ ಎತ್ತಿ ತುಂಬೋದು, ಹೊಡೆಯೋದು, ಹಗಲೂ ರಾತ್ರಿ ಅದೇ ಕೆಲಸ. ಜುಲೈ 26ಕ್ಕೆ ಯುದ್ಧ ಮುಗಿಯುವ ಹೊತ್ತಿಗೆ ನನ್ನ ಎಡಗಿವಿ ಮಂದ ಆಗಿತ್ತು. ಪಕ್ಕದ ಗನ್ನಿನಲ್ಲಿದ್ದ ಗೆಳೆಯ ಉಳಿಯಲಿಲ್ಲ.

ಪೆನ್ಶನ್ ಆಗಿ ಊರಿಗೆ ಬಂದೆ. ಜನರಲ್ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಕೊಡಗು ಜಿಲ್ಲೆ ನಮ್ಮದು, ಇಲ್ಲಿ ಮಾಜಿ ಸೈನಿಕರು ಯಾವ ಊರಲ್ಲೂ ಸಿಗುತ್ತಾರೆ. ಮದುವೆ ಮನೆಗೆ ಹೋದರೆ ಕಾರ್ಗಿಲ್ ಕಥೆ ಹೇಳಿ ಅನ್ನೋರು. ನನಗೆ ಬಾಯೇ ಬರುತ್ತಿರಲಿಲ್ಲ. ಎರಡು ವರ್ಷ ಕಾಫಿ ತೋಟ ನೋಡಿಕೊಂಡೆ, ಮನಸ್ಸು ನಿಲ್ಲಲಿಲ್ಲ. ಆಮೇಲೆ ಕುಟ್ಟದ ಕಡೆಯಿಂದ ನಾಗರಹೊಳೆ ಕಾಡಿಗೆ ವಾಚರ್ ಆಗಿ ಸೇರಿದೆ, ಕಳ್ಳಬೇಟೆ ತಡೆಯುವ ಕ್ಯಾಂಪಿನಲ್ಲಿ.

ಅಲ್ಲಿ ನನಗೆ ಜೊತೆಯಾದವರು ಹಾಡಿಯ ಒಬ್ಬರು ಜೇನುಕುರುಬರು, ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯೋದು. ಮೊದಲನೇ ದಿನ ಬೀಟ್, ಅಂದರೆ ಕಾಡಿನ ಗಸ್ತು, ಹೊರಟಾಗ ಸ್ವಲ್ಪ ದೂರ ನಡೆದು, ಸುಮ್ನೆ ನನ್ನ ಎಡಗಡೆಗೆ ಬಂದರು. "ಈ ಕಡೆ ನಿಂಗೆ ಕೇಳಲ್ಲ ಅಲ್ವಾ, ನಾನಿರ್ತೀನಿ" ಅಂದರು. ನಾನು ಯಾರಿಗೂ ಹೇಳಿರಲಿಲ್ಲ. ಅವತ್ತಿನಿಂದ ನಾವು ನಡೆಯೋದು ಹಾಗೇ. ಆನೆ ಹತ್ತಿರ ಇದ್ದರೆ ಮೊದಲು ಗಾಳಿಯಲ್ಲಿ ವಾಸನೆ ಬರುತ್ತೆ, ಲದ್ದಿ ಮುಟ್ಟಿ ಬಿಸಿ ನೋಡಬೇಕು, ಜಿಂಕೆ ಸುಮ್ಮಸುಮ್ನೆ ಕೂಗಬಹುದು, ಕಡವೆ ಬಿಡದೆ ಕೂಗಿದರೆ ನಿಂತುಬಿಡಬೇಕು, ಹುಲಿ ಓಡಾಡ್ತಿದೆ ಅಂತ. ಇದೆಲ್ಲ ಅವರು ಕಲಿಸಿದ್ದು. ಡಿಸೆಂಬರ್, ಜನವರಿಯಲ್ಲಿ ಬೆಂಕಿ ಹರಡದ ಹಾಗೆ ಫೈರ್ ಲೈನ್ ಕಡಿಯೋದು, ಬೇಸಿಗೆಯಲ್ಲಿ ಹಸಿ ಸೊಪ್ಪಿನಲ್ಲಿ ಬೆಂಕಿ ಬಡಿಯೋದು, ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿ ಬಂದರೆ ಬೆಳಿಗ್ಗೆ ಬೇಗ ಎದ್ದು 2 ಕಿಲೋಮೀಟರ್ ಲೈನ್ ಮೇಲೆ ಸದ್ದಿಲ್ಲದೆ ನಡೆದು ಕಂಡ ಪ್ರಾಣಿ ಬರೆಯೋದು.

ಕಥೆ ಹೇಳೋದು ಶುರು ಆಗಿದ್ದು ಚಿಣ್ಣರ ವನದರ್ಶನದಿಂದ. ಸರ್ಕಾರಿ ಶಾಲೆ ಮಕ್ಕಳನ್ನು ಇಲಾಖೆಯವರು ಕಾಡಿಗೆ ಕರೆತರುತ್ತಾರೆ, ಮಾತಾಡೋಕೆ ನನ್ನನ್ನು ನಿಲ್ಲಿಸಿದರು. ಮೊದಮೊದಲು ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಈ ಕಾಡು 643 ಚದರ ಕಿಲೋಮೀಟರ್, 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು, ಹೀಗೆ. ಮಕ್ಕಳು ಒಬ್ಬರನ್ನೊಬ್ಬರು ಚಿವುಟಿಕೊಂಡು ಕೂತಿರುತ್ತಿದ್ದರು.

ಒಂದು ಸಲ ಆನೆ ದಂತದಲ್ಲಿ ಗೀರಿದ್ದ ಹೊನ್ನೆ ಮರ ತೋರಿಸಿದೆ. ಹೊನ್ನೆಯ ತೊಗಟೆ ಸೀಳಿದರೆ ಕೆಂಪು ರಸ ಬರುತ್ತೆ, ಕಾಂಡದ ಮೇಲೆ ಇಳಿದು, ತುದಿಯಲ್ಲಿ ಗಟ್ಟಿಯಾಗಿ ಕಪ್ಪಾಗಿ ನಿಂತಿತ್ತು. ಐದನೇ ಕ್ಲಾಸಿನ ಒಬ್ಬ ಹುಡುಗ ಬೆರಳಲ್ಲಿ ಮುಟ್ಟಿ, "ತಾತ, ರಕ್ತನಾ? ನೀವು ಮಿಲಿಟ್ರಿಯಲ್ಲಿ ನೋಡಿದ್ರಾ?" ಅಂದ. ನೋಡಿದ್ದೆ ಮಗ, ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ತೆರೆದುಕೊಂಡಿತು. ದ್ರಾಸ್‌ನ ಚಳಿ, ಗನ್ ಬಿಸಿಯಾಗಿ ಕೈ ಇಡೋಕೆ ಆಗದೇ ಇದ್ದದ್ದು, ಗೆಳೆಯ ಅರ್ಧ ರೊಟ್ಟಿ ಮುರಿದು ನನಗೆ ಅಂತ ಶೆಲ್ ಪೆಟ್ಟಿಗೆ ಮೇಲೆ ಇಟ್ಟು ಹೋಗಿದ್ದು. ಅವನ ಹೆಸರೇನು ಅಂತ ಒಬ್ಬಳು ಕೇಳಿದಳು. ಎಷ್ಟೋ ವರ್ಷದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ.

ಆಮೇಲಿಂದ ಇದೇ ದಾರಿ ಹಿಡಿದಿದ್ದೇನೆ. ಮೊದಲು ಹತ್ತು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಏನೇನು ಕೇಳಿಸ್ತು ಅಂತ ಅವರೇ ನನಗೆ ಹೇಳಬೇಕು, ನನಗೆ ಎಡಗಡೆಯದು ಕೇಳಲ್ಲ ನೋಡಿ. ಆಮೇಲೆ ನನ್ನ ಸರದಿ. ಕಂಡದ್ದು ಮಾತ್ರ ಹೇಳುತ್ತೇನೆ, ಹುಲಿ ಕಾಣದ ದಿನಕ್ಕೆ ಹುಲಿ ಸೇರಿಸಲ್ಲ. ಮಕ್ಕಳಿಗೆ ಸುಳ್ಳು ಗೊತ್ತಾಗುತ್ತೆ. ಯುದ್ಧದ್ದು ಅವರು ಕೇಳಿದರೆ ಮಾತ್ರ, ಸತ್ತವರನ್ನೂ ಬಿಡದೆ ಹೇಳುತ್ತೇನೆ.

ಅವತ್ತು ನಾವು ಹೊನ್ನೆ ಮರದ ಹತ್ತಿರ ಇರುವಾಗಲೇ ದೂರದಲ್ಲಿ ಮುಸುವ ಎಚ್ಚರಿಕೆಯ ಕೂಗು ಹಾಕಿತು. ಅಣ್ಣ ಕೈ ಎತ್ತಿದರು, ಎಲ್ಲರೂ ನಿಂತೆವು. ಸ್ವಲ್ಪ ಹೊತ್ತು ನೋಡಿ, ಮಕ್ಕಳನ್ನು ಸಾಲಾಗಿ ವಾಪಸ್ ಕರೆದುಕೊಂಡು ಹೊರಟೆವು. ಅಣ್ಣ ಮುಂದೆ ಹೋಗಬೇಕಾಯ್ತು. ಬಸ್ಸಿನ ತನಕ ಆ ಹುಡುಗ ನನ್ನ ಎಡಗಡೆಯೇ ನಡೆದ.