ಆರ್ಡರ್ ಮಾಡಿದ ಪಾರ್ಸೆಲ್ ಬಾರದೆ ಉಳಿದಾಗ: ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು

ಕಳೆದ ಮಳೆಗಾಲದಲ್ಲಿ ಅಮ್ಮನಿಗಾಗಿ ರಕ್ತದೊತ್ತಡ ನೋಡುವ ಯಂತ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಐದು ದಿನಗಳಲ್ಲಿ ತಲುಪುತ್ತದೆ ಎಂದಿದ್ದ ಪಾರ್ಸೆಲ್ ಹನ್ನೊಂದನೆಯ ದಿನವೂ ಬರಲಿಲ್ಲ. ನಡುವೆ ಎರಡು ಬಾರಿ ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂಬ ಸಂದೇಶ ಮಾತ್ರ ಬಂತು. ಆ ಎರಡೂ ದಿನ ಅಮ್ಮ ಬೆಳಗಿನಿಂದ ಸಂಜೆಯವರೆಗೆ ಜಗಲಿ ಬಿಟ್ಟು ಕದಲಿರಲಿಲ್ಲ. ಸುಳ್ಳು ಸಂದೇಶ ನೋಡಿ ಬಂದ ಸಿಟ್ಟಿನಲ್ಲಿ ನಾನು ಕಂಪನಿಯ ಸಹಾಯವಾಣಿಗೆ ನಾಲ್ಕು ಬಾರಿ ಫೋನ್ ಮಾಡಿದೆ. ನಾಲ್ಕೂ ಸಲ ‘ಇನ್ನೆರಡು ದಿನ ಕಾಯಿರಿ’ ಎಂಬ ಉತ್ತರವೇ ಸಿಕ್ಕಿತು. ಪಾರ್ಸೆಲ್ ಎಲ್ಲಿ ನಿಂತಿದೆ ಎಂಬುದನ್ನು ತಿಳಿದುಕೊಳ್ಳದೆ ದೂರುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಎಂಬುದು ನನಗೆ ಆಗ ಅರ್ಥವಾಯಿತು. ಆದ್ದರಿಂದ ಮೊದಲು ಆ ವಿಷಯವನ್ನೇ ಹೇಳುತ್ತೇನೆ.

ಪಾರ್ಸೆಲ್ ನಿಲ್ಲುವುದು ಬಹುತೇಕ ಮೂರು ಕಡೆ: ಮಾರಾಟಗಾರನ ಬಳಿ, ದಾರಿಯ ಗೋದಾಮಿನಲ್ಲಿ, ಇಲ್ಲವೇ ನಮ್ಮದೇ ತಾಲ್ಲೂಕಿನ ಕೊರಿಯರ್ ಶಾಖೆಯಲ್ಲಿ. ಮೂರಕ್ಕೂ ಪರಿಹಾರ ಬೇರೆ ಬೇರೆ. ‘ಪ್ಯಾಕ್ ಆಗಿದೆ’, ‘ಲೇಬಲ್ ಸಿದ್ಧವಾಗಿದೆ’ ಎಂಬ ಸಾಲುಗಳನ್ನು ನಂಬಿ ಪಾರ್ಸೆಲ್ ಹೊರಟಿತೆಂದು ತಿಳಿಯಬಾರದು. ಆರ್ಡರಿನ ವಿವರದಲ್ಲಿ ಕೊಟ್ಟಿರುವ ಟ್ರ್ಯಾಕಿಂಗ್ ಸಂಖ್ಯೆಯನ್ನು ಅಂಗಡಿಯ ಆ್ಯಪಿನಲ್ಲಿ ನೋಡಿ ಸುಮ್ಮನಾಗದೆ, ಕೊರಿಯರ್ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಹಾಕಿ ನೋಡಬೇಕು. ಅಲ್ಲಿ ಒಂದೂ ಸ್ಕ್ಯಾನ್ ದಾಖಲಾಗಿಲ್ಲವೆಂದರೆ ವಸ್ತು ಇನ್ನೂ ಮಾರಾಟಗಾರನ ಕೈಯಲ್ಲೇ ಇರುವ ಸಾಧ್ಯತೆ ಹೆಚ್ಚು. ಮೂರು ನಾಲ್ಕು ದಿನ ಹೀಗೆಯೇ ಉಳಿದರೆ ಆರ್ಡರ್ ರದ್ದು ಮಾಡಿ ಬೇರೆಯವರಲ್ಲಿ ಕೊಳ್ಳುವುದು ಲೇಸು; ಆ ಹಂತದಲ್ಲಿ ರದ್ದತಿ ಸುಲಭ.

ದಾರಿಯಲ್ಲಿ ನಿಂತಿದ್ದರೆ ನಾವು ಮಾಡಬಹುದಾದದ್ದು ಕಡಿಮೆ. ನಮ್ಮ ಕಡೆಗೆ ಬರುವ ಸಾಮಾನಿನಲ್ಲಿ ಹೆಚ್ಚಿನದು ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತಲಿನ ದೊಡ್ಡ ಗೋದಾಮುಗಳನ್ನು ಹಾದು ಬರುತ್ತದೆ. ದಸರಾದಿಂದ ದೀಪಾವಳಿಯವರೆಗಿನ ರಿಯಾಯಿತಿ ಮಾರಾಟದ ವಾರಗಳಲ್ಲಿ ಅಲ್ಲಿ ರಾಶಿ ಬೀಳುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅಥವಾ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ತಡೆ ಬಿದ್ದರೆ ಕರಾವಳಿಗೆ ಹೋಗುವ ಲಾರಿಗಳು ಸುತ್ತು ಬಳಸಿ ಹೋಗಬೇಕಾಗುತ್ತದೆ. ಇಂಥ ಕಾರಣ ಕಣ್ಣಿಗೆ ಕಾಣುವಾಗ ಎರಡು ಮೂರು ದಿನ ತಾಳುವುದು ನ್ಯಾಯ. ಆದರೆ ಒಂದೇ ಊರಿನ ಹೆಸರು ಐದಾರು ದಿನ ಬದಲಾಗದೆ ನಿಂತಿದ್ದರೆ, ಅಥವಾ ಶಿವಮೊಗ್ಗಕ್ಕೆ ಬರಬೇಕಾದದ್ದು ಬೇರೆ ಜಿಲ್ಲೆಯ ಕೇಂದ್ರದಲ್ಲಿ ಕಾಣಿಸಿಕೊಂಡರೆ, ಅದು ದಾರಿ ತಪ್ಪಿದ ಪಾರ್ಸೆಲ್ ಎಂದು ತಿಳಿದು ತಕ್ಷಣ ದೂರು ದಾಖಲಿಸಬೇಕು.

ಹಳ್ಳಿಗಳವರಿಗೆ ಹೆಚ್ಚು ಕಾಡುವುದು ಮೂರನೆಯದು. ಪಾರ್ಸೆಲ್ ತಾಲ್ಲೂಕು ಕೇಂದ್ರಕ್ಕೆ ಬಂದಿರುತ್ತದೆ, ಅಲ್ಲಿಂದ ಮನೆಗೆ ಬರುವುದಿಲ್ಲ. ನನ್ನ ಯಂತ್ರವೂ ಹಾಗೆಯೇ ಆಗಿತ್ತು. ಕೊನೆಗೆ ಪೇಟೆಯ ಶಾಖೆಗೆ ನಾನೇ ಹೋಗಿ ವಿಚಾರಿಸಿದಾಗ, ಇಡೀ ಭಾಗಕ್ಕೆ ಇರುವವನು ಒಬ್ಬನೇ ಹುಡುಗ, ನಮ್ಮ ಹಳ್ಳಿಯ ಕಡೆಗೆ ಅವನು ವಾರಕ್ಕೆ ಎರಡೇ ದಿನ ಹೋಗುತ್ತಾನೆ, ಉಳಿದ ದಿನ ಆ್ಯಪಿನಲ್ಲಿ ಏನಾದರೊಂದು ಕಾರಣ ಒತ್ತಲೇಬೇಕಾದ್ದರಿಂದ ‘ಮನೆಯಲ್ಲಿರಲಿಲ್ಲ’ ಎಂದು ಒತ್ತುತ್ತಾನೆ ಎಂಬುದು ತಿಳಿಯಿತು. ಅನೇಕ ಕಡೆ ಈ ಹುಡುಗರಿಗೆ ಸಿಗುವುದು ತಲುಪಿಸಿದ ಪಾರ್ಸೆಲ್ ಲೆಕ್ಕದ ಹಣ ಮಾತ್ರ, ಬೈಕು ಅವರದೇ. ಒಂದೇ ಪಾರ್ಸೆಲ್ಲಿಗಾಗಿ ಇಪ್ಪತ್ತು ಕಿಲೋಮೀಟರ್ ಮಣ್ಣಿನ ದಾರಿ ಹಿಡಿದು ಬಂದರೆ ಅವರಿಗೆ ನಷ್ಟವೇ. ತಪ್ಪು ಇರುವುದು ಇಷ್ಟು ದೂರಕ್ಕೆ ಒಬ್ಬನನ್ನೇ ಇಟ್ಟು ಐದು ದಿನದ ಮಾತು ಕೊಡುವ ವ್ಯವಸ್ಥೆಯಲ್ಲಿ. ಹುಡುಗನ ಮೇಲೆ ರೇಗುವುದು ಅನ್ಯಾಯ ಎಂದೇ ನಾನು ಈಗಲೂ ಭಾವಿಸುತ್ತೇನೆ.

ಆದ್ದರಿಂದ ‘ಡೆಲಿವರಿಗೆ ಹೊರಟಿದೆ’ ಎಂಬ ಸಂದೇಶ ಬಂದ ದಿನವೇ ಅದರಲ್ಲಿರುವ ಸಂಖ್ಯೆಗೆ ಫೋನ್ ಮಾಡಿ, ಈ ದಿನ ನಮ್ಮ ಕಡೆ ಬರುತ್ತೀರಾ, ಇಲ್ಲವಾದರೆ ಯಾವ ದಿನ, ಮುಖ್ಯರಸ್ತೆಯ ಅಂಗಡಿಯಲ್ಲೋ ಹಾಲಿನ ಡೇರಿಯಲ್ಲೋ ಕೊಟ್ಟು ಹೋಗಲು ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಎರಡನೆಯ ಸಲವೂ ತಲುಪದಿದ್ದರೆ ಗುರುತಿನ ಚೀಟಿ ಹಿಡಿದು ಶಾಖೆಗೆ ಹೋಗುವುದು ಒಳ್ಳೆಯದು, ಏಕೆಂದರೆ ಸಾಮಾನ್ಯವಾಗಿ ಎರಡು ಮೂರು ವಿಫಲ ಪ್ರಯತ್ನಗಳ ಬಳಿಕ ಪಾರ್ಸೆಲ್ಲನ್ನು ಮಾರಾಟಗಾರನಿಗೆ ಹಿಂದಕ್ಕೆ ಕಳಿಸಿಬಿಡುತ್ತಾರೆ. ‘ಆರ್‌ಟಿಒ’ ಎಂದು ಬರೆದಿದ್ದರೆ ಅದು ವಾಪಸು ಹೊರಟಿದೆ ಎಂದೇ ಅರ್ಥ.

ಅಂಚೆಯ ಮೂಲಕ ಬರುವುದಾದರೆ ಕೆಲಸ ಇನ್ನೂ ಸರಳ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಎಂದಿರುವ 13 ಸ್ಥಾನಗಳ ಸಂಖ್ಯೆ ಕಂಡರೆ ಅದು ಭಾರತೀಯ ಅಂಚೆಯದು. ಅದನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ನೋಡಬಹುದು, 1800 266 6868ಕ್ಕೆ ಕರೆ ಮಾಡಬಹುದು, ಎಲ್ಲಕ್ಕಿಂತ ಬೇಗ ಊರಿನ ಅಂಚೆ ಕಚೇರಿಯಲ್ಲೇ ಕೇಳಬಹುದು. ಖಾಸಗಿ ಕೊರಿಯರ್ ಬಾರದ ಹಳ್ಳಿಗೂ ಅಂಚೆಯಣ್ಣ ಬರುತ್ತಾನೆ. ಆಯ್ಕೆ ಇರುವಾಗ ನಾನು ಅಂಚೆಯನ್ನೇ ಆರಿಸುತ್ತೇನೆ.

ಈಗ ದೂರಿನ ವಿಷಯ. ಆರ್ಡರ್ ಮಾಡಿದ ಕ್ಷಣದಲ್ಲೇ ತಲುಪಿಸುವ ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ತಡವಾದಂತೆಲ್ಲ ಆ್ಯಪಿನಲ್ಲಿ ದಿನಾಂಕ ಮುಂದೆ ಸರಿಯುತ್ತ ಹೋಗುತ್ತದೆ, ಮೊದಲು ಕೊಟ್ಟ ಮಾತು ಎಲ್ಲಿಯೂ ಉಳಿಯುವುದಿಲ್ಲ. ಆ ದಿನಾಂಕಕ್ಕೆ ಕಾನೂನಿನ ಬಲವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈಯಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ಹೇಳಿದ ವೇಳೆಗಿಂತ ತಡವಾಗಿ ಬಂದ ವಸ್ತುವನ್ನು ಗ್ರಾಹಕ ಹಿಂದಿರುಗಿಸಿದರೆ ಮಾರಾಟಗಾರ ಅದನ್ನು ಒಪ್ಪದೆ, ಹಣ ಕೊಡದೆ ಇರುವಂತಿಲ್ಲ. ಪ್ರಕೃತಿ ವಿಕೋಪದಂತಹ, ಅವನ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಅದೇ ನಿಯಮಗಳಂತೆ ಪ್ರತಿಯೊಂದು ಆನ್‌ಲೈನ್ ಅಂಗಡಿಯೂ ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಸಂಪರ್ಕವನ್ನೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಸಹಾಯವಾಣಿಯವರು ಹೇಳುವ ‘ಕಾಯಿರಿ’ ಎಂಬ ಮಾತಿಗೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಎರಡನೆಯ ಬಾರಿಯೂ ಅದೇ ಉತ್ತರ ಬಂದರೆ ಮತ್ತೆ ಫೋನ್ ಮಾಡದೆ, ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. ಇಂಥ ದಿನ ಆರ್ಡರ್ ಮಾಡಿದೆ, ಇಷ್ಟು ಹಣ ಕೊಟ್ಟೆ, ಇಂಥ ದಿನದೊಳಗೆ ತಲುಪಿಸುವುದಾಗಿ ಹೇಳಿದ್ದಿರಿ, ಇಂದಿಗೂ ತಲುಪಿಲ್ಲ, ಏಳು ದಿನಗಳೊಳಗೆ ವಸ್ತುವನ್ನು ತಲುಪಿಸಿರಿ ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಿರಿ ಎಂದು ಬರೆದು, ಆರ್ಡರ್ ಸಂಖ್ಯೆ, ದೂರಿನ ಸಂಖ್ಯೆ, ಪರದೆಯ ಚಿತ್ರಗಳನ್ನು ಸೇರಿಸಿದರೆ ಸಾಕು. ಕೋಪದ ಮಾತು ಬೇಡ, ದಿನಾಂಕಗಳೇ ಮಾತಾಡುತ್ತವೆ. ವಸ್ತು ಬಾರದೆಯೇ ‘ತಲುಪಿಸಲಾಗಿದೆ’ ಎಂದು ತೋರಿಸಿದರೆ ಮಾತ್ರ ಒಂದು ದಿನವೂ ಕಾಯಬಾರದು. ನೆರೆಹೊರೆಯಲ್ಲಿ ವಿಚಾರಿಸಿ, ಯಾರ ಸಹಿ ಅಥವಾ ಯಾವ ಫೋಟೋದ ಆಧಾರದ ಮೇಲೆ ಹಾಗೆ ದಾಖಲಿಸಿದರೆಂದು ಆ ದಿನವೇ ಬರವಣಿಗೆಯಲ್ಲಿ ಕೇಳಬೇಕು.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕನ್ನಡದಲ್ಲೇ ಮಾತಾಡಬಹುದು; ಕರೆಗೆ ಹಣವಿಲ್ಲ. ಬಹಳಷ್ಟು ದೂರುಗಳು ಇಲ್ಲಿಯೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ‘ಇ-ಜಾಗೃತಿ’ ಜಾಲತಾಣದ ಮೂಲಕ ಮನೆಯಿಂದಲೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿದೆ, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ಮುನ್ನೂರು ರೂಪಾಯಿಯ ವಸ್ತುವಿಗೆ ಇಷ್ಟು ದೂರ ಹೋಗಬೇಕೆಂದು ನಾನು ಹೇಳಲಾರೆ. ಫೋನ್, ಹೊಲಿಗೆ ಯಂತ್ರ, ನೀರಿನ ಪಂಪಿನಂಥ ಖರೀದಿಗಾದರೆ ಖಂಡಿತ ಹೋಗಬೇಕು.

ಕಾಯುವ ಈ ದಿನಗಳಲ್ಲೇ ಮೋಸಗಾರರು ಹೊಂಚು ಹಾಕುವುದೂ ಉಂಟು. ‘ನಿಮ್ಮ ವಿಳಾಸ ಅಪೂರ್ಣವಾಗಿದೆ, ಈ ಕೊಂಡಿ ಒತ್ತಿರಿ’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಸಂದೇಶಗಳನ್ನು ಮುಟ್ಟಬಾರದು. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕದೆ ಆ್ಯಪಿನ ಒಳಗಿನಿಂದಲೇ ತೆಗೆದುಕೊಳ್ಳಬೇಕು. ಪಾರ್ಸೆಲ್ ಕೈಗೆ ಬರುವ ಮುನ್ನ ಓಟಿಪಿ ಹೇಳಬಾರದು. ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಒತ್ತಿರೆಂದು ಯಾರಾದರೂ ಹೇಳಿದರೆ ಒತ್ತಬಾರದು, ಅದು ನಮ್ಮ ಕರೆಗಳನ್ನು ಅವರ ಕಡೆಗೆ ತಿರುಗಿಸುವ ಉಪಾಯ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮುಂದಿನ ಆರ್ಡರಿಗೆ ಮೊದಲು ವಿಳಾಸವನ್ನು ಒಮ್ಮೆ ತಿದ್ದಿಕೊಳ್ಳಿ. ಕೊರಿಯರಿನವರು ಪಾರ್ಸೆಲ್ಲುಗಳನ್ನು ವಿಂಗಡಿಸುವುದು ಊರಿನ ಹೆಸರಿಗಿಂತ ಹೆಚ್ಚಾಗಿ ಪಿನ್‌ಕೋಡ್ ನೋಡಿ. ತೀರ್ಥಹಳ್ಳಿಯ 577432ರಲ್ಲಿ ಮೊದಲ ಮೂರು ಅಂಕಿ ವಿಂಗಡಣೆಯ ಪ್ರದೇಶವನ್ನೂ ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಪೇಟೆ ಹತ್ತಿರವೆಂದು ಪೇಟೆಯ ಪಿನ್‌ಕೋಡ್ ಬರೆದರೆ ಪಾರ್ಸೆಲ್ ಬೇರೆಯವರ ಚೀಲ ಸೇರುತ್ತದೆ. ನಿಮ್ಮ ಊರಿನದು ಯಾವುದೆಂದು ಅಂಚೆ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಮನೆಯ ಹೆಸರು, ಯಜಮಾನರ ಹೆಸರು, ಬಸ್ ನಿಲ್ಲುವ ಜಾಗ, ಅಲ್ಲಿಂದ ತಿರುಗುವ ದಾರಿ ಇವಿಷ್ಟನ್ನೂ ಬರೆಯಿರಿ. ನಮ್ಮ ಕಡೆ ಎಷ್ಟೋ ಮನೆಗಳೊಳಗೆ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ, ಪೇಟೆಯಲ್ಲಿ ಕೆಲಸ ಮಾಡುವ ಯಾರಾದರೊಬ್ಬರ ಸಂಖ್ಯೆಯನ್ನು ಎರಡನೆಯದಾಗಿ ಕೊಡಿ. ಈಗ ಅಮ್ಮನ ಹೆಸರಿಗೆ ಬರುವ ಪಾರ್ಸೆಲ್ಲುಗಳಲ್ಲಿ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ನನ್ನ ತಮ್ಮನ ಸಂಖ್ಯೆ ಇರುತ್ತದೆ. ಹುಡುಗ ಅವನಿಗೆ ಫೋನ್ ಮಾಡಿ ಅಂಗಡಿಯಲ್ಲೇ ಕೊಟ್ಟು ಹೋಗುತ್ತಾನೆ, ಸಂಜೆಯ ಬಸ್ಸಿಗೆ ಅದು ಮನೆ ಸೇರುತ್ತದೆ.