ಹೊಟ್ಟೆ ಆಪರೇಷನ್ ನಂತರ ಕರುಳಿಗೆ ಸಮಯ ಕೊಡುವುದು ಹೇಗೆ?

‘ಗ್ಯಾಸ್ ಹೋಯ್ತಾ?’ ಹೊಟ್ಟೆಯ ದೊಡ್ಡ ಆಪರೇಷನ್ ಆದವರನ್ನು ಡಾಕ್ಟರು ದಿನಾ ಬೆಳಿಗ್ಗೆ ಕೇಳುವ ಪ್ರಶ್ನೆ ಇದು. ಉತ್ತರ ಹೇಳಲು ನಾಚಿಕೊಳ್ಳಬೇಡಿ. ಕರುಳು ಎಚ್ಚರವಾಗುತ್ತಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು.

ಆಪರೇಷನ್‌ನಲ್ಲಿ ಕೈ ತಾಗಿದ ಕರುಳು ಸ್ವಲ್ಪ ಕಾಲ ಸುಮ್ನಾಗಿಬಿಡುತ್ತದೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರ 1–2 ದಿನದಲ್ಲಿ, ದೊಡ್ಡ ಕರುಳು 2–3 ದಿನದಲ್ಲಿ ಮತ್ತೆ ಚಲಿಸತೊಡಗುತ್ತವೆ. ಮಾರ್ಫಿನ್‌ನಂಥ ನೋವಿನ ಔಷಧಿ ಇದನ್ನು ಇನ್ನೂ ನಿಧಾನ ಮಾಡುತ್ತದೆ. ಹಾಗಂತ ನೋವು ತಡೆದುಕೊಂಡು ಮಲಗಬೇಡಿ. ಬೇರೆ ಔಷಧಿ ಆಗುತ್ತದಾ ಎಂದು ಡಾಕ್ಟರನ್ನು ಕೇಳಿ.

ಮೊದಲ ಹೆಜ್ಜೆ, ಹಾಸಿಗೆ ಬಿಟ್ಟು ಏಳುವುದು. ನೇರವಾಗಿ ಎದ್ದರೆ ಹೊಲಿಗೆ ಎಳೆಯುತ್ತದೆ. ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಮೊಣಕೈ ಊರಿ ಎದ್ದು ಕೂರಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ಆಮೇಲೆ ಯಾರದಾದರೂ ಕೈ ಹಿಡಿದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೂ ಇದು ಬೇಕು.

ಡಾಕ್ಟರು ಒಪ್ಪಿದರೆ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಅಗಿಯಬಹುದು. ಬಾಯಿ ಆಡಿದರೆ ಊಟ ಬರುತ್ತಿದೆ ಎಂದು ಕರುಳಿಗೆ ಸುದ್ದಿ ಮುಟ್ಟುತ್ತದೆ!

ಇನ್ನು ಊಟ. ಮೊದಲೆಲ್ಲ ಗ್ಯಾಸ್ ಹೋಗುವವರೆಗೆ ಉಪವಾಸ ಕೆಡವುತ್ತಿದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಅವರ ಕೆಲಸದಿಂದ ಈ ಪದ್ಧತಿ ಬದಲಾಗತೊಡಗಿತು. ಈಗ ಎಷ್ಟೋ ಜನರಿಗೆ ಬೇಗನೇ ಗುಟುಕು ನೀರು ಕೊಡುತ್ತಾರೆ. ಆದರೆ ಯಾವಾಗ, ಎಷ್ಟು ಎಂಬುದನ್ನು ನಿಮ್ಮ ಸರ್ಜನ್ನೇ ಹೇಳಬೇಕು, ನೆಂಟರಲ್ಲ. ಅಮ್ಮನ ಆಪರೇಷನ್ ಆದ ಮೂರನೇ ದಿನ ಬಂಧುಗಳೊಬ್ಬರು ಪ್ರೀತಿಯಿಂದ ಡಬ್ಬಿ ತುಂಬ ಚಿತ್ರಾನ್ನ ತಂದರು. ಬೇಡ ಅನ್ನಲಾಗದೆ ಅಮ್ಮ ತಿಂದರು. ರಾತ್ರಿಯಿಡೀ ವಾಂತಿ. ಪಕ್ಕದಲ್ಲೇ ಇದ್ದ ನಾನು ತಡೆಯಬೇಕಿತ್ತು.

ತಿಳಿಗಂಜಿಯಿಂದ ಶುರು ಮಾಡಿ. ಅದು ಒಗ್ಗಿದರೆ ಮೆತ್ತಗಿನ ಮಜ್ಜಿಗೆ ಅನ್ನ, ಇಡ್ಲಿ, ಹೆಸರುಬೇಳೆ ತೊವ್ವೆ. ಮೂರು ಹೊತ್ತಿನ ಊಟವನ್ನು ಆರು ಪಾಲು ಮಾಡಿ, ಚೆನ್ನಾಗಿ ಅಗಿದು ತಿನ್ನಿ. ಕಡಲೆಕಾಳು, ಎಲೆಕೋಸು, ಸೋಡಾ ಸದ್ಯಕ್ಕೆ ಬೇಡ. ಹಾಲು ಕುಡಿದಾಗ ಹೊಟ್ಟೆ ಉಬ್ಬಿದರೆ ಕೆಲ ದಿನ ಬಿಡಿ. ಮಲ ಗಟ್ಟಿಯಾದರೆ ತಿಣುಕಬೇಡಿ, ಮೆದು ಮಾಡುವ ಔಷಧಿ ಕೇಳಿ ಪಡೆಯಿರಿ.

ಹಸಿರು ವಾಂತಿ, ಬಿಗಿಯಾಗಿ ಉಬ್ಬಿದ ಹೊಟ್ಟೆ, ಜ್ವರ, ಜಾಸ್ತಿಯಾಗುತ್ತಲೇ ಇರುವ ನೋವು, ಹೋಗುತ್ತಿದ್ದ ಗ್ಯಾಸ್ ನಿಂತುಹೋಗುವುದು, ಇವುಗಳಲ್ಲಿ ಒಂದು ಕಂಡರೂ ಜೀರಿಗೆ ಕಷಾಯ ಕುಡಿಸುತ್ತಾ ಕೂರಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.