ಐಸಿಎಲ್‌ಗೆ ಮುಂಚೆ ಟ್ರಯಲ್ ಫ್ರೇಮ್

"ಸರ್, ಒಳಗೆ ಲೆನ್ಸ್ ಇಟ್ಟುಬಿಡಿ, ಈ ಕಾಟ ಮುಗೀಲಿ." ಕೆರಾಟೋಕೋನಸ್ ಇರುವ ಹುಡುಗರು ಬಂದು ಕೂತ ಕೂಡಲೇ ಹೀಗನ್ನುತ್ತಾರೆ. "ಮೊದಲು ಟ್ರಯಲ್ ಫ್ರೇಮ್ ಹಾಕ್ಕೊಳ್ಳಪ್ಪ" ಅನ್ನುತ್ತೇನೆ ನಾನು. ಲೆನ್ಸ್ ಬದಲಿಸುತ್ತಾ ಓದಿಸಿ ನೋಡುವ ಕನ್ನಡಕ ಅದು.

ಈ ಕಾಯಿಲೆಯಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ಪವರ್, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಎರಡೂ ಏರುತ್ತವೆ. ಸಾಲದ್ದಕ್ಕೆ ಅದರ ಮೈ ಅಂಕುಡೊಂಕಾಗುತ್ತದೆ. ನಾವು ಐರಿಸ್ (ಕಣ್ಣಿನ ಬಣ್ಣದ ಪರದೆ) ಹಿಂದೆ, ಸ್ವಂತ ಲೆನ್ಸಿನ ಮುಂದೆ ಕೂರಿಸುವ ಲೆನ್ಸೇ ಐಸಿಎಲ್; ಸಿಲಿಂಡರನ್ನೂ ತಿದ್ದುವ ಅದರ ಟೋರಿಕ್ ಬಗೆ ಮೊದಲಿನ ಎರಡನ್ನು ಸರಿಮಾಡುತ್ತದೆ. ಅಂಕುಡೊಂಕನ್ನು ಮುಟ್ಟುವುದಿಲ್ಲ. ಟ್ರಯಲ್ ಫ್ರೇಮಿನಲ್ಲಿ 6/9 ಓದಿದರೆ ಮುಂದಿನ ಮಾತು (6/6 ಅಂದರೆ ಸಾಮಾನ್ಯ ದೃಷ್ಟಿ, ಕೆಳಗಿನ ಅಂಕಿ ದೊಡ್ಡದಾದಷ್ಟೂ ದೃಷ್ಟಿ ಕಮ್ಮಿ). 6/24ಕ್ಕೇ ನಿಂತು, ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಮಾತ್ರ ಚೆನ್ನಾಗಿ ಓದುವವರಿಗೆ ಬೇಡ ಅನ್ನುತ್ತೇನೆ. ಇಟ್ಟ ಮೇಲೆ ಮತ್ತೆ ಗಟ್ಟಿ ಲೆನ್ಸ್ ಹಾಕೋಣ ಅಂದರೂ ಕಷ್ಟ. ಅದು ಕಾರ್ನಿಯಾದ ಸಿಲಿಂಡರನ್ನು ಮುಚ್ಚುತ್ತದೆ, ಆಗ ಒಳಗಿನ ಟೋರಿಕ್ ಲೆನ್ಸಿನ ಸಿಲಿಂಡರ್ ಹೆಚ್ಚುವರಿಯಾಗಿ ಉಳಿಯುತ್ತದೆ.

ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬ ಬಂದಿದ್ದ. ಎರಡು ವರ್ಷದ ಹಿಂದೆ ಕ್ರಾಸ್‌ಲಿಂಕಿಂಗ್ (ಕಾರ್ನಿಯಾ ಗಟ್ಟಿಮಾಡುವ ಚಿಕಿತ್ಸೆ) ಆಗಿತ್ತು. ವರ್ಷದ ಅಂತರದ ಎರಡು ಟೊಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ) ಪಕ್ಕದಲ್ಲಿಟ್ಟು ನೋಡಿದೆ, ಉಬ್ಬು ಏರಿರಲಿಲ್ಲ. ಕಾರ್ನಿಯಾಗೂ ಸ್ವಂತ ಲೆನ್ಸಿಗೂ ನಡುವಿನ ಮುಂಗೋಣೆಯ ಆಳ 3.2 ಮಿ.ಮೀ., ಸಾಕು. ಕಾಂಟ್ಯಾಕ್ಟ್ ಲೆನ್ಸ್ ಮೂರು ವಾರ ಬಿಡಿಸಿ ಮತ್ತೆ ಅಳೆದೆ, ಯಾಕಂದ್ರೆ ಗಟ್ಟಿ ಲೆನ್ಸ್ ಕಾರ್ನಿಯಾವನ್ನು ಒತ್ತಿರುತ್ತದೆ. ಫ್ರೇಮಿನಲ್ಲಿ 6/9 ಓದಿದ. ಒಪ್ಪಿದೆ.

ಆಕ್ಸಿಸ್, ಅಂದರೆ ಸಿಲಿಂಡರ್ ನಿಲ್ಲಬೇಕಾದ ದಿಕ್ಕಿನ ಗುರುತನ್ನು, ರೋಗಿಯನ್ನು ಕೂರಿಸಿಯೇ ಹಾಕಬೇಕು. ಮಲಗಿದರೆ ಕಣ್ಣು ಒಂದಿಷ್ಟು ಡಿಗ್ರಿ ತಿರುಗುತ್ತದೆ. ಲೆನ್ಸ್ ಒಂದು ಡಿಗ್ರಿ ಆಚೀಚೆ ಆದರೂ ಸಿಲಿಂಡರಿನ ಕೆಲಸದಲ್ಲಿ ಸುಮಾರು 3% ಹೋಯಿತು ಅಂತ ಲೆಕ್ಕ. ಆಮೇಲೆ ಡ್ರಾಪ್ಸ್ ಹಾಕಿ, ಕಣ್ಣಿನ ಕಿವಿ ಕಡೆಯ ಬದಿಗೆ 3 ಮಿ.ಮೀ. ಗಾಯ. ಮಡಚಿದ ಲೆನ್ಸ್ ಒಳಗೆ ಬಾಳೆಸುಳಿ ಬಿಚ್ಚಿದ ಹಾಗೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಅವಸರ ಮಾಡಿದರೆ ಮಗುಚಿಕೊಳ್ಳುತ್ತದೆ. ಮೂಲೆಯ ಗುರುತು ನೋಡಿ ಸರಿಯಾದ ಮೈ ಮೇಲಿದೆ ಅಂತ ಖಚಿತಪಡಿಸಿಕೊಂಡೇ ನಾಲ್ಕು ಕಾಲುಗಳನ್ನು ಒಂದೊಂದಾಗಿ ಐರಿಸ್ ಕೆಳಗೆ ತೂರಿಸುತ್ತೇನೆ. ಕೊನೆಗೆ ವಿಸ್ಕೋ, ಅಂದರೆ ಕಣ್ಣೊಳಗೆ ತುಂಬಿದ್ದ ಜೆಲ್, ಪೂರ್ತಿ ತೊಳೆಯಬೇಕು. ಉಳಿದರೆ ರಾತ್ರಿಯೇ ಕಣ್ಣಿನ ಒತ್ತಡ ಏರುತ್ತದೆ.

ಶುರುವಿನ ದಿನಗಳಲ್ಲಿ ಒಬ್ಬರಿಗೆ ಚಿಕ್ಕ ಸೈಜ್ ತರಿಸಿಬಿಟ್ಟಿದ್ದೆ. ಅಳತೆ ಒಂದೇ ಮೆಷಿನಿನಲ್ಲಿ ತೆಗೆದಿದ್ದೆ, ನಂದೇ ತಪ್ಪು. ವಾರದಲ್ಲಿ ಲೆನ್ಸ್ ತಿರುಗಿತು. ಒಳಗೆ ಹೋಗಿ ಸರಿಮಾಡಿದೆ, ಮತ್ತೆ ತಿರುಗಿತು. ದೊಡ್ಡ ಸೈಜ್ ತರಿಸಿ ಬದಲಾಯಿಸೋವರೆಗೆ ಅವರ ಮುಖ ನೋಡೋಕೆ ನನಗೆ ಸಂಕೋಚ. ಈಗ ಎರಡು ಮೆಷಿನ್‌ಗಳ ಅಳತೆ ಹೊಂದದಿದ್ದರೆ ಆರ್ಡರ್ ಹಾಕುವುದಿಲ್ಲ.

ಆಪರೇಶನ್ ಆದ ಮಾರನೇ ದಿನ ಮೊಬೈಲ್ ಅಂಗಡಿಯ ಹುಡುಗ ಬರಿಗಣ್ಣಲ್ಲಿ 6/9 ಓದಿದ. ಎರಡು ಲೆನ್ಸಿನ ನಡುವಿನ ಜಾಗ ಸುಮಾರು 500 ಮೈಕ್ರಾನ್, ಒಳ್ಳೆಯದೇ. ಖುಷಿಯಲ್ಲಿ ಕೈ ಕಣ್ಣಿಗೆ ಹೋಯಿತು, ಉಜ್ಜೋಕೆ. ಮಣಿಕಟ್ಟು ಹಿಡಿದುಕೊಂಡೆ.

"ನಿದ್ದೆಯಲ್ಲೂ ಉಜ್ತಾನೆ ಡಾಕ್ಟ್ರೇ" ಅಂದರು ಅಮ್ಮ.

ರಾತ್ರಿ ಅಂಟಿಸೋಕೆ ಇನ್ನೆರಡು ಪ್ಲಾಸ್ಟಿಕ್ ಶೀಲ್ಡ್ ಬರೆದುಕೊಟ್ಟೆ.